ಓದಿದವರ ಮನೆಯಲ್ಲಿ ಮಾನಸಿಕ ಕಾಯಿಲೆ: ಮುಂಬೈ, ಪುಣೆ, ಗೋವಾದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಪತ್ರೆಯ ಸಾಮಾಜಿಕ ಕಾರ್ಯಕರ್ತೆಯಾಗಿ ಕನ್ನಡ ಸಂಘಗಳಲ್ಲಿ, ಕಾಲೇಜುಗಳಲ್ಲಿ ಮಾತಾಡಲು ಹೋಗುತ್ತೇನೆ. ಸಭೆಯಲ್ಲಿ ಯಾರೂ ಕೈ ಎತ್ತುವುದಿಲ್ಲ. ಆಮೇಲೆ ಚಹಾ ಹಿಡಿದುಕೊಂಡು ಒಬ್ಬೊಬ್ಬರೇ ಹತ್ತಿರ ಬರುತ್ತಾರೆ. ಕೆಲವರು ಫೋನ್ ಮಾಡುತ್ತಾರೆ, ಕೆಲವರು ಕಾಗದ ಬರೆಯುತ್ತಾರೆ. ಹೀಗೆ ಕೇಳುವವರಲ್ಲಿ ಹೆಚ್ಚಿನವರು ಇಂಜಿನಿಯರ್, ಬ್ಯಾಂಕಿನವರು, ಹೋಟೆಲ್ ಮಾಲೀಕರು, ಶಿಕ್ಷಕರು ಮತ್ತು ಅವರ ಮಕ್ಕಳು. ಅವರ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಕೊಟ್ಟಿದ್ದೇನೆ. ಇಲ್ಲಿನ ಉತ್ತರಗಳು ಡಾಕ್ಟರ ಸಲಹೆಗೆ ಬದಲಿಯಲ್ಲ.

## ಮೊದಲು ತಿಳಿಯಬೇಕಾದದ್ದು

ಓದಿದವರಿಗೆಲ್ಲ ಇದು ಕಾಯಿಲೆ ಅಂತ ಗೊತ್ತಿದೆಯಲ್ಲ ಮೇಡಂ, ಮತ್ತೆ ಸಮಸ್ಯೆ ಎಲ್ಲಿ?

ಗೊತ್ತಿರುವುದು ಬೇರೆ, ಹತ್ತಿರ ಸೇರಿಸಿಕೊಳ್ಳುವುದು ಬೇರೆ. ಪದವಿ ಓದಿದ ಯಾರನ್ನೇ ಕೇಳಿ. ‘ಡಿಪ್ರೆಶನ್ ಒಂದು ಕಾಯಿಲೆ, ಅದಕ್ಕೆ ಔಷಧಿ ಇದೆ’ ಅಂತ ತಕ್ಷಣ ಹೇಳುತ್ತಾರೆ. ಈಗ ಬೇರೆ ರೀತಿ ಕೇಳಿ. ಅಂಥವರ ಪಕ್ಕ ಕೂತು ಕೆಲಸ ಮಾಡುತ್ತೀರಾ? ಹೂಂ, ಅದಕ್ಕೇನು. ನಿಮ್ಮ ಟೀಮಿಗೆ ತೆಗೆದುಕೊಳ್ಳುತ್ತೀರಾ? ನೋಡಬೇಕು. ಫ್ಲಾಟ್ ಬಾಡಿಗೆಗೆ ಕೊಡುತ್ತೀರಾ? ಸೊಸೈಟಿಯವರು ಒಪ್ಪಲ್ಲ. ತಂಗಿಯನ್ನು ಕೊಟ್ಟು ಮದುವೆ ಮಾಡುತ್ತೀರಾ? ಇಲ್ಲಿಗೆ ಮಾತು ನಿಂತುಬಿಡುತ್ತದೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಎಮೊರಿ ಬೊಗಾರ್ಡಸ್ 1920ರ ದಶಕದಲ್ಲಿ ಜನಾಂಗಗಳ ನಡುವಿನ ದೂರ ಅಳೆಯಲು ಇಂಥದ್ದೇ ಪ್ರಶ್ನೆಗಳ ಪಟ್ಟಿ ಮಾಡಿದ್ದರು. ಮಾನಸಿಕ ಕಾಯಿಲೆಯ ಬಗ್ಗೆ ಜನ ಏನು ಅಂದುಕೊಂಡಿದ್ದಾರೆ ಅಂತ ತಿಳಿಯಲು ಸಂಶೋಧಕರು ಇವತ್ತಿಗೂ ಅದೇ ದಾರಿ ಹಿಡಿಯುತ್ತಾರೆ. ‘ನಿಮಗೆ ಏನು ಗೊತ್ತು’ ಅಂತ ಕೇಳಿದಾಗ ಸಿಗದ ಉತ್ತರ ‘ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತೀರಿ’ ಅಂತ ಕೇಳಿದಾಗ ಸಿಗುತ್ತದೆ.

ಓದಿನಿಂದ ಉಪಯೋಗವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಓದಿದ ಮನೆಯವರು ಡಾಕ್ಟರ ಹತ್ತಿರ ಬೇಗ ಬರುತ್ತಾರೆ, ಮಾತ್ರೆಯ ಹೆಸರು ಓದಿ ತಿಳಿದುಕೊಳ್ಳುತ್ತಾರೆ. ಆದರೆ ಮುಚ್ಚಿಡುವುದರಲ್ಲೂ ಅವರೇ ಮುಂದೆ. ಮುಲುಂಡ್‌ನಲ್ಲಿ ಮನೆ ಇದ್ದವರು ಮುಂಬೈಯ ಇನ್ನೊಂದು ತುದಿಯ ಬೊರಿವಲಿಯ ಡಾಕ್ಟರನ್ನು ಹುಡುಕುತ್ತಾರೆ. ಪಕ್ಕದ ಗಲ್ಲಿಯ ಮೆಡಿಕಲ್ ಬಿಟ್ಟು ದೂರದ ಅಂಗಡಿಯಲ್ಲಿ ಮಾತ್ರೆ ಕೊಳ್ಳುತ್ತಾರೆ. ಇಷ್ಟು ಕಷ್ಟಪಟ್ಟು ಬಚ್ಚಿಡುವ ಹೊತ್ತಿನಲ್ಲಿ ಕಾಯಿಲೆ ಬಲಿಯುತ್ತದೆ.

ಈಗಿನ ಮಕ್ಕಳು ಎಲ್ಲದಕ್ಕೂ ಡಿಪ್ರೆಶನ್ ಅಂತಾರೆ. ಬೇಜಾರಿಗೂ ಅದಕ್ಕೂ ವ್ಯತ್ಯಾಸ ಏನು?

ಬೇಜಾರಿಗೆ ಸಾಮಾನ್ಯವಾಗಿ ಒಂದು ಕಾರಣ ಇರುತ್ತದೆ. ಒಳ್ಳೆಯ ಊಟವೋ ಗೆಳೆಯರ ಮಾತೋ ಸಿಕ್ಕರೆ ಸ್ವಲ್ಪ ಹಗುರಾಗುತ್ತದೆ. ಡಿಪ್ರೆಶನ್ ಹಾಗಲ್ಲ. ಕನಿಷ್ಠ ಎರಡು ವಾರ, ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಸಿದಿರುತ್ತದೆ, ಇಲ್ಲವೇ ಯಾವುದರಲ್ಲೂ ಆಸಕ್ತಿ ಉಳಿದಿರುವುದಿಲ್ಲ. ಜೊತೆಗೆ ನಿದ್ದೆ, ಹಸಿವು, ಶಕ್ತಿ, ಗಮನ ಎಲ್ಲವೂ ಏರುಪೇರು. ‘ನಾನು ಯಾರಿಗೂ ಬೇಡ, ನಾನೇ ಭಾರ’ ಅನ್ನುವ ಯೋಚನೆ ಬರುತ್ತದೆ. ದಿನದ ಕೆಲಸ ನಡೆಯುವುದಿಲ್ಲ.

ನಮ್ಮವರಲ್ಲಿ ಇದು ಎಷ್ಟೋ ಸಲ ಮೈಯ ಮೂಲಕ ಹೊರಬರುತ್ತದೆ. ತಲೆಭಾರ, ಎದೆ ಉರಿ, ಹೊಟ್ಟೆ ತಳಮಳ, ಕೈಕಾಲು ಸೋತುಹೋಗುವುದು. ಇಸಿಜಿ, ಎಂಡೋಸ್ಕೋಪಿ ಎಲ್ಲ ಮುಗಿಸಿ ರಿಪೋರ್ಟ್ ನಾರ್ಮಲ್ ಬಂದ ಮೇಲೆ ನಮ್ಮ ಕಡೆ ಬರುತ್ತಾರೆ. ಮಕ್ಕಳು ಆ ಪದವನ್ನು ಜಾಸ್ತಿ ಬಳಸುತ್ತಾರೆ ಅನ್ನುವುದು ಸ್ವಲ್ಪ ನಿಜ. ಹಾಗಂತ ಅವರ ಮಾತನ್ನು ತಳ್ಳಿಹಾಕಬೇಡಿ. ‘ಎಷ್ಟು ದಿನದಿಂದ? ನಿದ್ದೆ ಬರ್ತಿದೆಯಾ?’ ಅಂತ ಕೇಳಿದರೆ ಎರಡೇ ನಿಮಿಷದಲ್ಲಿ ಎಷ್ಟೋ ತಿಳಿಯುತ್ತದೆ.

ಇದು ನಿಜವಾಗ್ಲೂ ಇಷ್ಟೊಂದು ಜನಕ್ಕೆ ಇದೆಯಾ?

ಇದೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಆ ಹೊತ್ತಿಗೆ ಕಾಯಿಲೆ ಇದ್ದ ವಯಸ್ಕರು ಸುಮಾರು ಶೇ. 10.6. ದೊಡ್ಡ ನಗರಗಳಲ್ಲಿ ಪ್ರಮಾಣ ಹಳ್ಳಿಗಳಿಗಿಂತ ಜಾಸ್ತಿ ಇತ್ತು. ಹೆಚ್ಚಿನ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರ ಪಾಲು ಶೇ. 70ಕ್ಕಿಂತ ಮೇಲಿತ್ತು.

ಸ್ಕಿಜೋಫ್ರೇನಿಯಾ ಇರೋರು ಇದ್ದಕ್ಕಿದ್ದಂತೆ ಹೊಡೀತಾರಂತೆ?

ಸ್ಕಿಜೋಫ್ರೇನಿಯಾ ಅಂದರೆ ಇಲ್ಲದ ದನಿ ಕೇಳಿಸುವ, ಯಾರೋ ಬೆನ್ನುಹತ್ತಿದ್ದಾರೆ ಅನ್ನಿಸುವಂಥ ಕಾಯಿಲೆ. ಅದು ಇರುವ ಹೆಚ್ಚಿನವರು ಯಾರಿಗೂ ಹೊಡೆಯುವುದಿಲ್ಲ. ಅವರೇ ಇತರರಿಂದ ಏಟು, ಮೋಸ, ಅವಮಾನ ಅನುಭವಿಸುವುದು ಜಾಸ್ತಿ. ಚಿಕಿತ್ಸೆ ಇಲ್ಲದಾಗ, ಅದರ ಜೊತೆ ಕುಡಿತವೋ ಬೇರೆ ಚಟವೋ ಸೇರಿಕೊಂಡಾಗ ಅಪಾಯ ಏರುತ್ತದೆ. ಅಂದರೆ ಹತ್ತಿರ ಇದ್ದು ಚಿಕಿತ್ಸೆ ಕೊಡಿಸಿದಷ್ಟೂ ಎಲ್ಲರಿಗೂ ಕ್ಷೇಮ.

## ಕಾಲೇಜು, ಹಾಸ್ಟೆಲ್

ಮಗ ಪುಣೆಯಲ್ಲಿ ಇಂಜಿನಿಯರಿಂಗ್ ಓದ್ತಾ ಇದ್ದಾನೆ. ಕ್ಲಾಸಿಗೆ ಹೋಗ್ತಿಲ್ಲ, ರೂಮಲ್ಲೇ ಇರ್ತಾನೆ. ಇದು ಸೋಮಾರಿತನ ಅಲ್ವಾ?

ಬದಲಾವಣೆ ಯಾವಾಗ ಶುರುವಾಯಿತು ಅಂತ ಮೊದಲು ನೆನಪು ಮಾಡಿಕೊಳ್ಳಿ. ಚೆನ್ನಾಗಿ ಓದುತ್ತಿದ್ದ, ಕ್ರಿಕೆಟ್ ಆಡುತ್ತಿದ್ದ ಹುಡುಗ ಕೆಲವು ತಿಂಗಳಲ್ಲಿ ಸ್ನಾನ ಬಿಟ್ಟ, ಫೋನ್ ಎತ್ತುವುದು ಬಿಟ್ಟ, ರಾತ್ರಿ ಹಗಲು ಮಾಡಿಕೊಂಡ ಅಂದರೆ ಅದನ್ನು ಸೋಮಾರಿತನ ಅನ್ನಬೇಡಿ. ಸ್ಕಿಜೋಫ್ರೇನಿಯಾ, ಮನಸ್ಸು ಒಮ್ಮೆ ವಿಪರೀತ ಉಬ್ಬಿ ಇನ್ನೊಮ್ಮೆ ಕುಸಿಯುವ ಬೈಪೋಲಾರ್‌ನಂಥ ಕಾಯಿಲೆಗಳು ಹೆಚ್ಚಾಗಿ ತಲೆ ಎತ್ತುವುದು ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಆಸುಪಾಸಿನಲ್ಲಿ. ಅದೇ ಕಾಲೇಜಿನ ವಯಸ್ಸು, ಮನೆ ಬಿಟ್ಟು ಇರುವ ವಯಸ್ಸು. ಹಾಗಾಗಿ ಮನೆಯವರ ಕಣ್ಣಿಗೆ ಮೊದಲ ಲಕ್ಷಣಗಳು ಬೀಳುವುದೇ ಇಲ್ಲ.

ಫೋನಿನಲ್ಲಿ ಬುದ್ಧಿ ಹೇಳುವುದು ಬಿಡಿ. ಒಂದು ಸಲ ಹೋಗಿ ಬನ್ನಿ. ಫೀಸು, ಅಟೆಂಡೆನ್ಸ್ ಮಾತು ತೆಗೆಯದೆ ಅವನ ಜೊತೆ ಊಟ ಮಾಡಿ. ರೂಮ್‌ಮೇಟ್‌ ಹತ್ತಿರ ಮಾತಾಡಿ, ಅವರಿಗೆ ನಿಮಗಿಂತ ಜಾಸ್ತಿ ಗೊತ್ತಿರುತ್ತದೆ. ಯಾರೋ ಬೆನ್ನುಹತ್ತಿದ್ದಾರೆ, ಕಿವಿಯಲ್ಲಿ ದನಿ ಕೇಳುತ್ತದೆ ಅಂತ ಅವನು ಹೇಳಿದರೆ ವಾದ ಮಾಡಬೇಡಿ. ಆ ವಾರವೇ ಮನೋವೈದ್ಯರಿಗೆ ತೋರಿಸಿ. ಒಂದು ವರ್ಷದ ಡ್ರಾಪ್ ಅಂದರೆ ಮನೆಮಂದಿ ಗಾಬರಿಯಾಗುತ್ತಾರೆ. ಬೇಗ ಚಿಕಿತ್ಸೆ ಶುರು ಮಾಡಿ ಆಮೇಲೆ ಓದು ಮುಗಿಸಿದವರು ಬೇಕಾದಷ್ಟು ಜನ ಇದ್ದಾರೆ.

ಕಾಲೇಜಿನ ಕೌನ್ಸೆಲರ್ ಹತ್ತಿರ ಹೋದ್ರೆ ಮನೆಗೆ ಫೋನ್ ಮಾಡ್ತಾರಾ? ಎಚ್‌ಒಡಿಗೆ ಗೊತ್ತಾಗುತ್ತಾ?

ಮನೆಯವರಿಗಾಗಲಿ, ವಿಭಾಗದ ಮುಖ್ಯಸ್ಥರಿಗಾಗಲಿ ಗೊತ್ತಾಗಬಾರದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ವಿಷಯವನ್ನು ಗುಟ್ಟಾಗಿ ಇಡುವುದು ರೋಗಿಯ ಹಕ್ಕು ಅನ್ನುತ್ತದೆ. ಜೀವಕ್ಕೆ ಅಪಾಯ, ಕೋರ್ಟ್ ಆದೇಶದಂಥ ಕೆಲವೇ ಸಂದರ್ಭಗಳಲ್ಲಿ, ಬೇಕಾದಷ್ಟನ್ನು ಮಾತ್ರ, ಬೇರೆಯವರಿಗೆ ಹೇಳಬಹುದು. ಕೌನ್ಸೆಲರ್ ಕೂಡ ಇದೇ ನಿಯಮ ಪಾಲಿಸಬೇಕು. ಮೊದಲ ಭೇಟಿಯಲ್ಲೇ ‘ಇದು ಯಾರಿಗೆಲ್ಲ ಹೋಗುತ್ತದೆ, ಎಲ್ಲಿ ಬರೆದಿಡುತ್ತೀರಿ’ ಅಂತ ಕೇಳಿ. ಕೇಳಿದರೆ ತಪ್ಪು ತಿಳಿಯುವುದಿಲ್ಲ.

100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಾಮಾಜಿಕ ಕಾರ್ಯಕರ್ತರು ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಕೌನ್ಸೆಲರ್ ರೂಮು ಎಲ್ಲಿರಬೇಕು ಅನ್ನುವುದನ್ನೂ ಕಾಲೇಜಿನವರು ಯೋಚಿಸಬೇಕು. ಪ್ರಿನ್ಸಿಪಾಲರ ಕೋಣೆಯ ಎದುರಿಗೇ ಬೋರ್ಡ್ ಹಾಕಿದರೆ ಯಾವ ಹುಡುಗಿ ಬಾಗಿಲು ತಟ್ಟುತ್ತಾಳೆ ಹೇಳಿ.

ಗೆಳತಿ ‘ಬದುಕಿರಬೇಕು ಅನ್ನಿಸ್ತಿಲ್ಲ’ ಅಂದಳು. ಆ ವಿಷಯ ಕೇಳಿದ್ರೆ ಇನ್ನೂ ಜಾಸ್ತಿ ಆಗಲ್ವಾ?

ಆಗುವುದಿಲ್ಲ. ಕೇಳಿದ್ದರಿಂದ ಹೊಸದಾಗಿ ಆ ಯೋಚನೆ ಹುಟ್ಟುವುದಿಲ್ಲ ಅನ್ನುವುದು ಅಧ್ಯಯನಗಳಿಂದ ಗೊತ್ತಾಗಿದೆ. ಬಚ್ಚಿಟ್ಟುಕೊಂಡವರಿಗೆ ಯಾರೋ ಕೇಳಿದರಲ್ಲ ಅಂತ ಸಮಾಧಾನವಾಗುತ್ತದೆ. ನೇರವಾಗಿ ಕೇಳಿ: ‘ಸಾಯಬೇಕು ಅನ್ನಿಸ್ತಿದೆಯಾ? ಏನಾದ್ರೂ ಯೋಚನೆ ಮಾಡಿಟ್ಟಿದ್ದೀಯಾ?’ ಆಮೇಲೆ ಸುಮ್ನೆ ಕೇಳಿಸಿಕೊಳ್ಳಿ. ‘ಅಪ್ಪ ಅಮ್ಮನ ಮುಖ ನೋಡು’ ಅನ್ನಬೇಡಿ. ಅವರಿಗೆ ನಾನು ಭಾರ ಅಂತ ಅವಳು ಆಗಲೇ ಅಂದುಕೊಂಡಿರುತ್ತಾಳೆ.

ಅವಳು ಯೋಚನೆ ಮಾಡಿಟ್ಟಿದ್ದೇನೆ ಅಂದರೆ ಒಬ್ಬಳನ್ನೇ ಬಿಡಬೇಡಿ. ಅಪಾಯದ ವಸ್ತುಗಳನ್ನು ದೂರ ಇಡಿ. ನಂಬಿಕೆಯ ಒಬ್ಬ ದೊಡ್ಡವರನ್ನು ಕರೆಯಿರಿ, ಹತ್ತಿರದ ದೊಡ್ಡ ಆಸ್ಪತ್ರೆಯ ಕ್ಯಾಶುವಲ್ಟಿಗೆ ಕರೆದುಕೊಂಡು ಹೋಗಿ. ‘ಯಾರಿಗೂ ಹೇಳಬೇಡ’ ಅಂತ ಆಣೆ ಹಾಕಿಸಿದರೂ ಈ ವಿಷಯದಲ್ಲಿ ಅದನ್ನು ಪಾಲಿಸಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಇದರಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಪೊಲೀಸ್ ಕೇಸಿನ ಭಯಕ್ಕೆ ಎಷ್ಟೋ ಮನೆಗಳಲ್ಲಿ ಆಸ್ಪತ್ರೆಗೆ ಹೋಗಲು ತಡಮಾಡುತ್ತಾರೆ. 2017ರ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡುವಂತಿಲ್ಲ. ಆತ್ಮಹತ್ಯೆ ಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ ಐಪಿಸಿ 309 ಕೂಡ 2024ರ ಜುಲೈ 1ರಿಂದ ಇಲ್ಲ. ದಯವಿಟ್ಟು ತಡಮಾಡಬೇಡಿ.

ನಾವೇ ಎಂಬಿಬಿಎಸ್ ಓದ್ತಾ ಇದ್ದೀವಿ. ಆದ್ರೂ ಸೈಕಿಯಾಟ್ರಿ ವಾರ್ಡ್ ಅಂದ್ರೆ ನಮಗೇ ಒಂಥರಾ ಆಗುತ್ತೆ. ಯಾಕೆ?

ಈ ಪ್ರಶ್ನೆ ಕೇಳಿದ ಹುಡುಗರ ಪ್ರಾಮಾಣಿಕತೆ ನನಗೆ ಬಹಳ ಇಷ್ಟವಾಯಿತು. ಕಾರಣ ಇದೆ. ಎಂಬಿಬಿಎಸ್‌ನಲ್ಲಿ ಮನೋವೈದ್ಯಕೀಯ ವಾರ್ಡಿನಲ್ಲಿ ನೀವು ಕಳೆಯುವುದು ಕೆಲವೇ ವಾರ. ಆಗ ಕಾಣುವುದು ವಾರ್ಡಿಗೆ ಸೇರಲೇಬೇಕಾಗಿ ಬಂದವರು, ಕಾಯಿಲೆ ಉಲ್ಬಣಿಸಿದವರು. ಗುಣವಾಗಿ ಮನೆಗೆ ಹೋಗಿ, ಲೋಕಲ್ ಟ್ರೇನ್ ಹಿಡಿದು ಆಫೀಸಿಗೆ ಹೋಗುವವರು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಹೀಗಾಗಿ ‘ಇವರು ಗುಣವಾಗುವುದಿಲ್ಲ’ ಅನ್ನುವ ತೀರ್ಮಾನ ಕೂತುಬಿಡುತ್ತದೆ. ಅದೇ ಮನಸ್ಸಿನಲ್ಲಿ ಮುಂದೆ ಡಾಕ್ಟರಾಗುತ್ತೀರಿ. ಮಾನಸಿಕ ಕಾಯಿಲೆ ಇರುವವರು ಎದೆನೋವು ಅಂತ ಬಂದರೆ ‘ಇವರದ್ದು ಯಾವಾಗಲೂ ಇದ್ದದ್ದೇ’ ಅನ್ನುತ್ತೀರಿ. ಇದರಿಂದ ಜೀವವೇ ಹೋಗಬಹುದು.

ವಾರ್ಡ್ ಬಿಟ್ಟು, ಚೇತರಿಸಿಕೊಂಡವರು ಮತ್ತೆ ತೋರಿಸಿಕೊಳ್ಳಲು ಬರುವ ಫಾಲೋಅಪ್ ಓಪಿಡಿಯಲ್ಲಿ (ಹೊರರೋಗಿ ವಿಭಾಗ) ಒಂದು ಬೆಳಗ್ಗೆ ಕೂತು ನೋಡಿ. ನಿಮ್ಮಲ್ಲೇ ಯಾರಿಗಾದರೂ ತೊಂದರೆ ಇದ್ದರೆ ನಿಮ್ಮದೇ ಕಾಲೇಜಿನ ವಿಭಾಗಕ್ಕೆ ಹೋಗಲು ಸಂಕೋಚವಾಗುವುದು ಸಹಜ. ಬೇರೆ ಆಸ್ಪತ್ರೆಗೆ ಹೋಗಿ. ಹೋಗದೆ ಮಾತ್ರ ಇರಬೇಡಿ. ನೀವೇ ಮಾತ್ರೆ ಬರೆದುಕೊಳ್ಳಬೇಡಿ.

## ಚಿಕಿತ್ಸೆ, ಕೆಲಸ, ಮದುವೆ

ಯಾರ ಹತ್ತಿರ ಹೋಗ್ಬೇಕು? ಸೈಕಾಲಜಿಸ್ಟಾ, ಸೈಕಿಯಾಟ್ರಿಸ್ಟಾ?

ಮನೋವೈದ್ಯರು ಎಂಬಿಬಿಎಸ್ ಮುಗಿಸಿ, ಮೇಲೆ ಮನೋವೈದ್ಯಕೀಯದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು. ಔಷಧಿ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ, ಪರೀಕ್ಷೆಗಳನ್ನು ಮಾಡುತ್ತಾರೆ. ಇವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ನಂಬರ್ ಕೇಳಿ. ಲೈಫ್ ಕೋಚ್ ಅಂತ ಬೋರ್ಡ್ ಹಾಕಿಕೊಂಡವರಿಗೆ ಇಂಥ ಯಾವ ಅರ್ಹತೆಯೂ ಬೇಕಿಲ್ಲ, ಹುಷಾರು. ನಿದ್ದೆ ಊಟ ಕೆಟ್ಟಿದ್ದರೆ, ಭ್ರಮೆ ಇದ್ದರೆ, ಸಾಯುವ ಮಾತು ಬಂದರೆ ಮೊದಲು ಮನೋವೈದ್ಯರು.

ಮುಂಬೈಯಲ್ಲಿ ಪರೇಲಿನ ಕೆಇಎಂ, ಸಾಯನ್, ನಾಯರ್, ಜೆಜೆ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ಓಪಿಡಿ ಇದೆ, ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಪುಣೆಯಲ್ಲಿ ಸಸೂನ್, ಗೋವಾದಲ್ಲಿ ಬಾಂಬೋಳಿಯ ಮನೋವೈದ್ಯಕೀಯ ಸಂಸ್ಥೆ. 1901ರಲ್ಲಿ ಶುರುವಾದ ಠಾಣೆಯ ಮಾನಸಿಕ ಆಸ್ಪತ್ರೆ, ಪುಣೆಯ ಯೆರವಡಾ ಮಾನಸಿಕ ಆಸ್ಪತ್ರೆಗಳ ಹೆಸರು ಕೇಳಿದರೇ ಜನ ಬೆಚ್ಚುತ್ತಾರೆ. ನಮ್ಮ ಕಡೆ ‘ಧಾರವಾಡಕ್ಕೆ ಕಳಿಸಬೇಕು’ ಅಂತ ಬೈಯುವ ಹಾಗೆ. ಅಲ್ಲೂ ಓಪಿಡಿ ಇದೆ, ತೋರಿಸಿಕೊಂಡು ಅದೇ ದಿನ ಮನೆಗೆ ಬರಬಹುದು.

ಸಾಧ್ಯವಾದರೆ ಕನ್ನಡ, ತುಳು, ಕೊಂಕಣಿ ಬಲ್ಲವರನ್ನು ಹುಡುಕಿ. ಮೂವತ್ತು ವರ್ಷದಿಂದ ಹಿಂದಿಯಲ್ಲಿ ವ್ಯವಹಾರ ಮಾಡಿದವರೂ ಒಳಗಿನ ಸಂಕಟ ಹೇಳಲು ಹೊರಟಾಗ ತಡವರಿಸುತ್ತಾರೆ.

ಆ ಮಾತ್ರೆ ಶುರು ಮಾಡಿದ್ರೆ ಜೀವನಪೂರ್ತಿ ಬಿಡೋಕಾಗಲ್ಲ, ಚಟ ಆಗುತ್ತೆ ಅಂತಾರೆ.

ಡಿಪ್ರೆಶನ್‌ಗೆ ಕೊಡುವ ಔಷಧಿಗಳು ಕುಡಿತದ ಹಾಗೆ ಚಟ ಹಿಡಿಸುವುದಿಲ್ಲ. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಹಾಗಾಗಿ ಹತ್ತನೇ ದಿನ ‘ಏನೂ ಉಪಯೋಗ ಇಲ್ಲ’ ಅಂತ ಬಿಟ್ಟುಬಿಡುವವರು ಜಾಸ್ತಿ. ಮನಸ್ಸು ಸರಿಹೋದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ಆಮೇಲೆ ಡಾಕ್ಟರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು. ದಿಢೀರ್ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಬರಬಹುದು. ಅಭ್ಯಾಸವಾಗುವ ಭಯ ಇರುವುದು ಆಲ್ಪ್ರಜೋಲಮ್, ಕ್ಲೊನಾಜೆಪಮ್‌ನಂಥ ನಿದ್ದೆ, ಗಾಬರಿಯ ಮಾತ್ರೆಗಳಿಂದ. ವಿಚಿತ್ರ ನೋಡಿ, ಸ್ನೇಹಿತರು ಕೊಟ್ಟರೆಂದು ಅವನ್ನೇ ವರ್ಷಗಟ್ಟಲೆ ನುಂಗುವವರು ಡಾಕ್ಟರ ಚೀಟಿಗೆ ಹೆದರುತ್ತಾರೆ. ಬೈಪೋಲಾರ್, ಸ್ಕಿಜೋಫ್ರೇನಿಯಾಕ್ಕೆ ಎಷ್ಟೋ ಜನ ದೀರ್ಘಕಾಲ ಔಷಧಿ ತೆಗೆದುಕೊಳ್ಳಬೇಕಾಗುತ್ತದೆ. ಅದನ್ನು ಮರೆಮಾಚದೆ ಹೇಳುತ್ತೇನೆ.

ನಾವು ಗೋವಾದಾಗ ಇರ್ತೀವ್ರಿ. ಊರಿಗೆ ಹೋಗಿ ದೇವ್ರ ಕೇಳ್ಸಿ ಬಂದೀವಿ. ಡಾಕ್ಟರಿಗೆ ಹೇಳಿದ್ರ ಬೈತಾರೇನ್ರಿ?

ಒಳ್ಳೆಯ ಡಾಕ್ಟರು ಬೈಯುವುದಿಲ್ಲ, ಹೇಳಿರಿ. ಕರಾವಳಿಯವರು ಮೈಮೇಲೆ ದೇವರು ಬಂದವರ ದರ್ಶನದಲ್ಲಿ ಕೇಳುತ್ತಾರೆ, ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸುತ್ತಾರೆ. ನಿಮ್ಮ ಕಡೆಯವರು ಗುಡಿಗೆ ಹೋಗಿ ಕೇಳಿಸುತ್ತಾರೆ. ಪದವಿ ಇದ್ದವರೂ ಹೋಗುತ್ತಾರೆ, ನಾಚಿಕೊಂಡು ಹೇಳುವುದಿಲ್ಲ ಅಷ್ಟೇ. ದೇವರಲ್ಲಿ ನಂಬಿಕೆ ಧೈರ್ಯ ಕೊಡುವುದಾದರೆ ಇರಲಿ. ಮಾತ್ರೆ ನಿಲ್ಲಿಸಿ ಅಂದರೆ, ಹೊಡೆದರೆ, ಉಪವಾಸ ಕೆಡವಿದರೆ, ಕಟ್ಟಿಹಾಕಿದರೆ ಮಾತ್ರ ಅಲ್ಲಿಂದ ಎದ್ದು ಬನ್ನಿ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹತ್ತಿರ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಿಗಿದಿದ್ದ 28 ಜನ ಓಡಲಾಗದೆ ಸತ್ತರು. ಸರಪಳಿ ಹಾಕುವುದನ್ನು ಕಾಯ್ದೆ ಈಗ ಪೂರ್ತಿ ನಿಷೇಧಿಸಿದೆ.

ಆಫೀಸಲ್ಲಿ ಹೇಳ್ಬೇಕಾ? ಪ್ರಮೋಶನ್ ಹೋಗುತ್ತೆ ಅಂತ ಭಯ.

ಭಯ ಸುಳ್ಳಲ್ಲ. ಕಾಯಿಲೆಯ ಹೆಸರು ಹೇಳುವುದಕ್ಕಿಂತ ನಿಮಗೆ ಏನು ಬೇಕು ಅಂತ ಹೇಳುವುದು ಎಷ್ಟೋ ಸಲ ಸಾಕು. ‘ಚಿಕಿತ್ಸೆಯಲ್ಲಿದ್ದೇನೆ, ಮೂರು ತಿಂಗಳು ರಾತ್ರಿ ಪಾಳಿ ಬೇಡ, ಗುರುವಾರ ಒಂದು ಗಂಟೆ ಬೇಗ ಹೊರಡಬೇಕು.’ ಬೈಪೋಲಾರ್‌ಗೆ ನಿದ್ದೆಗೆಟ್ಟ ಪಾಳಿ ನಿಜಕ್ಕೂ ಅಪಾಯ. ಹಾಗಾಗಿ ಈ ಬೇಡಿಕೆಗೆ ವೈದ್ಯಕೀಯ ಕಾರಣ ಇದೆ. ದೊಡ್ಡ ಕಂಪನಿಗಳಲ್ಲಿ ಹೊರಗಿನ ಸಂಸ್ಥೆಯ ಕೌನ್ಸೆಲಿಂಗ್ ಸೌಲಭ್ಯ ಇರುತ್ತದೆ. ಬಳಸುವ ಮೊದಲು ಗೋಪ್ಯತೆಯ ನಿಯಮ ಓದಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಇದೆ. ಸರ್ಕಾರಿ ಕೆಲಸದಲ್ಲಿರುವಾಗ ಅಂಗವೈಕಲ್ಯ ಬಂದರೆ ಅದೇ ಕಾರಣಕ್ಕೆ ತೆಗೆದುಹಾಕುವಂತಿಲ್ಲ.

ಮ್ಯಾನೇಜರ್ ಆಗಿರುವವರಿಗೆ ನನ್ನದೊಂದು ಮಾತು. ಕಾಯಿಲೆ ಇದೆ ಅಂತ ಗೊತ್ತಾದ ತಕ್ಷಣ ‘ಪಾಪ, ಒತ್ತಡ ಬೇಡ’ ಅಂತ ಮುಖ್ಯ ಕೆಲಸಗಳಿಂದ ತೆಗೆಯಬೇಡಿ. ನೀವು ಅದನ್ನು ಕರುಣೆ ಅಂದುಕೊಂಡಿರುತ್ತೀರಿ. ಅವರ ಪಾಲಿಗೆ ಅದು ಹಿಂಬಡ್ತಿ. ಅವರನ್ನೇ ಕೇಳಿ.

ಇನ್ಶುರೆನ್ಸ್ ಸಿಗುತ್ತಾ?

ಮೈಯ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅಂತ 2017ರ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಅದು 2018ರ ಮೇ 29ರಿಂದ ಜಾರಿಯಲ್ಲಿದೆ. ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ಸೇರಿದ ಖರ್ಚನ್ನಷ್ಟೇ ಕೊಡುತ್ತವೆ. ಅರ್ಜಿಯಲ್ಲಿ ಹಳೆಯ ಚಿಕಿತ್ಸೆಯನ್ನು ಮುಚ್ಚಿಡಬೇಡಿ, ಕ್ಲೇಮ್ ತಿರಸ್ಕರಿಸಲು ಅದೇ ನೆಪವಾಗುತ್ತದೆ.

ಹುಡುಗಿಗೆ ಎರಡು ವರ್ಷದ ಹಿಂದೆ ಟ್ರೀಟ್‌ಮೆಂಟ್ ಆಗಿದೆ, ಈಗ ಚೆನ್ನಾಗಿದ್ದಾಳೆ. ಸಂಬಂಧ ಬಂದಿದೆ. ಹೇಳ್ಬೇಕಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರ ದನಿಯಲ್ಲಿ ಭಯ ಇರುತ್ತದೆ, ಯಾಕೆಂದರೆ ಮುಂಬೈಯಲ್ಲಿ ಆಡಿದ ಮಾತು ಮರುದಿನ ಉಡುಪಿಯಲ್ಲಿ ಕೇಳಿಸುತ್ತದೆ.

ನನ್ನ ಅಭಿಪ್ರಾಯ: ಹೇಳಬೇಕು. ಆದರೆ ಯಾರಿಗೆ, ಯಾವಾಗ ಅನ್ನುವುದನ್ನು ಹುಡುಗಿಯೇ ತೀರ್ಮಾನಿಸಬೇಕು. ಬಯೋಡೇಟಾದಲ್ಲಿ ಬರೆಯಬೇಕಿಲ್ಲ. ಮಧ್ಯಸ್ಥಿಕೆಯವರಿಗೂ ಹೇಳಬೇಕಿಲ್ಲ. ಹುಡುಗ ಹುಡುಗಿ ಎರಡು ಮೂರು ಸಲ ಭೇಟಿಯಾಗಿ, ಇದು ಮುಂದುವರಿಯಬಹುದು ಅನ್ನಿಸಿದಾಗ, ನಿಶ್ಚಿತಾರ್ಥಕ್ಕೆ ಮೊದಲು, ಅವಳೇ ಅವನಿಗೆ ಹೇಳಲಿ. ಏನಾಗಿತ್ತು, ಏನು ಚಿಕಿತ್ಸೆ, ಈಗ ಹೇಗಿದೆ. ಬೇಕಿದ್ದರೆ ಅವಳ ಒಪ್ಪಿಗೆಯಿಂದ ಇಬ್ಬರೂ ಒಟ್ಟಿಗೆ ಡಾಕ್ಟರನ್ನು ಕಾಣಲಿ. ಮುಚ್ಚಿಟ್ಟು ಮದುವೆ ಮಾಡಿದ ಮನೆಗಳಲ್ಲಿ ನಡೆಯುವುದನ್ನು ನೋಡಿ ಈ ಮಾತು ಹೇಳುತ್ತಿದ್ದೇನೆ. ಹೊಸ ಮನೆಯಲ್ಲಿ ಮಾತ್ರೆ ತೆಗೆದುಕೊಳ್ಳಲು ಜಾಗವಿಲ್ಲ, ಧೈರ್ಯವಿಲ್ಲ. ಮಾತ್ರೆ ನಿಲ್ಲುತ್ತದೆ, ನಿದ್ದೆ ಕೆಡುತ್ತದೆ, ಕಾಯಿಲೆ ಮರಳಿ ಬರುತ್ತದೆ. ಆಗ ‘ಮೋಸ ಮಾಡಿದರು’ ಅನ್ನುವ ಮಾತು ಅವಳ ಮೇಲೆಯೇ ಬೀಳುತ್ತದೆ. ‘ಮದುವೆ ಮಾಡಿದರೆ ಸರಿಹೋಗುತ್ತದೆ’ ಅನ್ನುವ ಹಿರಿಯರ ಮಾತನ್ನಂತೂ ದಯವಿಟ್ಟು ಕೇಳಬೇಡಿ.

ಕಾನೂನಿನಲ್ಲಿ, ಮುಖ್ಯ ಸಂಗತಿ ಮುಚ್ಚಿಟ್ಟರೆ ಮದುವೆ ರದ್ದು ಕೇಳಲು ಹಿಂದೂ ವಿವಾಹ ಕಾಯ್ದೆಯಲ್ಲಿ ಅವಕಾಶವಿದೆ. ಹಾಗೆಯೇ ಕಾಯಿಲೆಯ ಹೆಸರೊಂದೇ ವಿಚ್ಛೇದನಕ್ಕೆ ಕಾರಣವಾಗದು, ಅದರ ತೀವ್ರತೆ ನೋಡಬೇಕು ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ರಾಮನಾರಾಯಣ ಗುಪ್ತಾ ಪ್ರಕರಣದಲ್ಲಿ ಹೇಳಿದೆ.

ಹುಡುಗನ ಮನೆಯವರು ‘ಮಕ್ಕಳಿಗೂ ಬರುತ್ತಾ’ ಅಂತ ಕೇಳುತ್ತಾರೆ. ಸ್ಕಿಜೋಫ್ರೇನಿಯಾವನ್ನೇ ತೆಗೆದುಕೊಳ್ಳಿ. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಸುಮಾರು ಹತ್ತರಲ್ಲಿ ಒಂದು. ಒಂಬತ್ತು ಪಾಲು ಬರುವುದಿಲ್ಲ. ಸಂಬಂಧ ಮುರಿಯಬಹುದು, ನಿಜ. ಮುರಿದರೆ ಅವಳ ಜೊತೆ ನಿಲ್ಲಿ, ‘ನಿನ್ನಿಂದ ಹೀಗಾಯಿತು’ ಅನ್ನಬೇಡಿ.

## ಇನ್ನೂ ಆಳಕ್ಕೆ

‘ಇದು ಮೆದುಳಿನ ಕೆಮಿಕಲ್ ತೊಂದರೆ, ಶುಗರ್ ಇದ್ದ ಹಾಗೆ’ ಅಂತ ಹೇಳಿದ್ರೆ ಕಳಂಕ ಹೋಗುತ್ತಲ್ವಾ?

ಹೀಗೇ ಆಗುತ್ತದೆ ಅಂತ ಎಲ್ಲರೂ ನಂಬಿದ್ದರು. ಹಲವು ದೇಶಗಳ ಅಧ್ಯಯನಗಳು ಬೇರೆ ಸಂಗತಿ ತೋರಿಸಿವೆ. ಕಾಯಿಲೆಗೆ ಜೀನು, ಮೆದುಳು ಕಾರಣ ಅಂತ ತಿಳಿದವರು ರೋಗಿಯನ್ನು ದೂರುವುದು ಕಡಿಮೆ. ಆದರೆ ‘ಇದು ಬದಲಾಗುವುದಿಲ್ಲ’ ಅನ್ನುವ ನಿರಾಶೆ ಜಾಸ್ತಿ. ಕೆಲವು ಅಧ್ಯಯನಗಳಲ್ಲಿ ಭಯವೂ ಜಾಸ್ತಿ. ಓದಿದವರಿಗೆ ಈ ವಿವರಣೆ ಬಹಳ ಇಷ್ಟ, ಅದಕ್ಕೇ ಈ ಮಾತು ಹೇಳುತ್ತಿದ್ದೇನೆ. ವಿವರಣೆಯೇ ಅರ್ಧ ನಿಜ. ನಿದ್ದೆ, ನಷ್ಟ, ಸಾಲ, ಬಾಲ್ಯದ ಪೆಟ್ಟು, ಒಂಟಿತನ ಎಲ್ಲಕ್ಕೂ ಪಾಲಿದೆ. ನಾನು ಮನೆಯವರಿಗೆ ಕಾರಣಕ್ಕಿಂತ ಗುಣವಾಗುವ ದಾರಿಯನ್ನೇ ಜಾಸ್ತಿ ವಿವರಿಸುತ್ತೇನೆ.

ಸೈಕಾಲಜಿ ಓದದ ನಮ್ಮಂಥವರು ಏನು ಸಹಾಯ ಮಾಡೋಕಾಗುತ್ತೆ?

ಇದಕ್ಕೆ ಗೋವಾದಲ್ಲೇ ಉತ್ತರ ಸಿಕ್ಕಿದೆ. 1996ರಲ್ಲಿ ಶುರುವಾದ ಸಂಗಾತ್ ಸಂಸ್ಥೆ, ಮನೋವೈದ್ಯ ಡಾ. ವಿಕ್ರಮ್ ಪಟೇಲ್ ಮತ್ತು ಜೊತೆಗಾರರು ಮನೋವಿಜ್ಞಾನ ಓದದ ಸ್ಥಳೀಯರಿಗೆ ತರಬೇತಿ ಕೊಟ್ಟು ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. 2010ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ನೆರವು ಸಿಕ್ಕವರು ಸಿಗದವರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಗುಣವಾದರು. ಖಾಸಗಿ ಕ್ಲಿನಿಕ್‌ಗಳಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ಅದೇ ತಂಡ ತೀವ್ರ ಡಿಪ್ರೆಶನ್‌ಗೂ ಇಂಥವರ ಕೆಲವೇ ಭೇಟಿಗಳಿಂದ ಉಪಯೋಗವಾಗುತ್ತದೆ ಅಂತ ತೋರಿಸಿತು. ತರಬೇತಿ ಮತ್ತು ಮೇಲ್ವಿಚಾರಣೆ ಇರಬೇಕು ಅನ್ನುವುದನ್ನು ಮರೆಯಬೇಡಿ. ತರಬೇತಿ ಇಲ್ಲದೆಯೂ ಓಪಿಡಿಗೆ ಜೊತೆಗೆ ಹೋಗಬಹುದು, ಕೇಸ್‌ಪೇಪರಿನ ಸಾಲಿನಲ್ಲಿ ನಿಲ್ಲಬಹುದು, ಡಾಕ್ಟರ ಮುಂದೆ ಹಿಂದಿ ಮರಾಠಿಗೆ ನೆರವಾಗಬಹುದು.

ಸಂಘದಲ್ಲಿ ಒಂದು ಕಾರ್ಯಕ್ರಮ ಇಡ್ಬೇಕು. ಯಾವ ಡಾಕ್ಟರನ್ನು ಕರೆಸೋಣ?

ಡಾಕ್ಟರನ್ನು ಕರೆಸಿ. ಜೊತೆಗೆ ಕಾಯಿಲೆ ಅನುಭವಿಸಿ ಈಗ ಚೆನ್ನಾಗಿರುವ ಒಬ್ಬರನ್ನೂ ಕರೆಯಿರಿ. ಬರೀ ಮಾಹಿತಿ ಕೊಟ್ಟದ್ದಕ್ಕಿಂತ ಎದುರೆದುರು ಕೂತು ಮಾತಾಡಿದಾಗ ವಯಸ್ಕರ ಮನಸ್ಸು ಜಾಸ್ತಿ ಬದಲಾಗುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ದೀಪಿಕಾ ಪಡುಕೋಣೆ 2015ರಲ್ಲಿ ತಮ್ಮ ಡಿಪ್ರೆಶನ್ ಬಗ್ಗೆ ಹೇಳಿಕೊಂಡಿದ್ದು ದೊಡ್ಡ ಉಪಕಾರ. ಆದರೂ ನಿಮ್ಮದೇ ಸಂಘದ, ನಿಮ್ಮ ಜೊತೆ ನಾಟಕದಲ್ಲಿ ಪಾತ್ರ ಮಾಡಿದ ಬ್ಯಾಂಕ್ ಉದ್ಯೋಗಿ ಹೇಳಿದರೆ ತಲುಪುವುದು ಬೇರೆಯೇ.

ಒತ್ತಾಯ ಮಾಡಬೇಡಿ. ಈಗಷ್ಟೇ ಚೇತರಿಸಿಕೊಂಡವರನ್ನು ವೇದಿಕೆಗೆ ಏರಿಸಬೇಡಿ. ಏನು ಹೇಳಬೇಕು, ಏನು ಬಿಡಬೇಕು ಅನ್ನುವುದು ಅವರ ಇಷ್ಟ. ವಿಡಿಯೋ ಬೇಡ ಅಂದರೆ ಫೋನ್‌ಗಳನ್ನು ಒಳಗಿಡಿಸಿ. ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆಸಿಕೊಳ್ಳಿ, ಡಬ್ಬಿಯನ್ನು ಬಾಗಿಲ ಹತ್ತಿರ ಇಡಿ. ಕಾರ್ಯಕ್ರಮ ಮುಗಿದ ವಾರದಲ್ಲಿ, ಅನುಭವ ಹೇಳಿಕೊಂಡವರಿಗೆ ಒಂದು ಫೋನ್ ಮಾಡಿ ಹೇಗಿದ್ದೀರಿ ಅಂತ ವಿಚಾರಿಸಿ.